ಹೊಂಡದ ಕಾವಲುಗಾರನ ಮಾತು

ಏಳನೇ ಕಂತು

"ಪಾರ್ಟು ಪುಸ್ತಕ ಐದು ಅಂದೆ. ಆಡಿದವರು ಆರು ಜನ. ಆರನೇದು ಎಲ್ಲಿ ಕೆಂಚಣ್ಣ?"

ಕೆಂಚಣ್ಣ ಬೀಡಿ ಬಾಯಲ್ಲಿಟ್ಟುಕೊಂಡೇ ನಕ್ಕ. "ಇದ್ರೆ ತಾನೆ ದಫೇದಾರ್ರೆ, ಎಲ್ಲೈತೆ ಅಂತ ಹೇಳಾದು."

ಬಿ.ದುರ್ಗದಲ್ಲಿ ಅವನ ಮನೆಯ ಕಟ್ಟೆ ಮೇಲೆ ಕೂತಿದ್ದೆವು. ಶುಕ್ರವಾರ, ಬೆಳಗಿನ ಹತ್ತು ಗಂಟೆ ಇರಬೇಕು. ನಮ್ಮಿಬ್ಬರ ನಡುವೆ ಒಂದು ಹೊಸ ಪುಸ್ತಕ ಬಿದ್ದಿತ್ತು. ರಟ್ಟಿನ ಮೇಲೆ ನವಿಲಿನ ಚಿತ್ರ. 'ಹೊಂಡದ ಕಾವಲು, ಐತಿಹಾಸಿಕ ನಾಟಕ. ರಚನೆ: ಈರಬಸಪ್ಪ, ಹೊಸದುರ್ಗ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ರಿಜಿಸ್ಟರ್ಡ್' ಅಂತ ಒಂದು ನಂಬರು.

ಆ ನಾಟಕ ಬರೆದವರು ಹೋದ ವರ್ಷ, ಎಪ್ಪತ್ತಮೂರರ ಜೂನ್‌ನಲ್ಲಿ ತೀರಿಕೊಂಡ ತನ್ನಪ್ಪ, ಹೊಳಲ್ಕೆರೆಯ ಹಾರ್ಮೋನಿಯಂ ಮೇಷ್ಟ್ರು ಉಸ್ಮಾನ್ ಸಾಬರು ಅಂತ ಅವರ ಒಬ್ಬಳೇ ಮಗಳು ನೂರುನ್ನೀಸಾ ಚಿತ್ರದುರ್ಗದ ಜಿಲ್ಲಾ ಕೋರ್ಟಿನಲ್ಲಿ ದಾವಾ ಹಾಕಿದ್ದಳು. ಸಾಬರು ಕೈಯಾರೆ ಬರೆದ ಪುಸ್ತಕ ಮಾತ್ರ ಟ್ರಂಕಿನಿಂದ ಕಾಣೆಯಾಗಿತ್ತು.

ಸೋಮವಾರ ವಿಚಾರಣೆ. ಅವತ್ತು ಪುಸ್ತಕದ ಮಾರಾಟಕ್ಕೆ ತಡೆ ಸಿಗದಿದ್ದರೆ ಉಗಾದಿ ಹೊತ್ತಿಗೆ ಅದು ನಾಕು ತಾಲ್ಲೂಕಿನ ಊರೂರಿಗೂ ಹೋಗುತ್ತೆ. ಹೋದ ಕಡೆಯೆಲ್ಲ ಈರಬಸಪ್ಪನ ನಾಟಕ ಅಂತಲೇ ಆಡುತ್ತಾರೆ. ಎರಡು ವರ್ಷ ಆಡಿದ ಮೇಲೆ ಸಾಬರು ಬರೆದದ್ದು ಅಂತ ಹೇಳುವವರೇ ಇರೋದಿಲ್ಲ.

ಪೋಲೀಸು ಕೆಲಸ ಮುಗಿಸಿದ ಮೇಲೆ ನಾನು ಆಕೆಯ ವಕೀಲರಾದ ಹಾಲಸ್ವಾಮಿಯವರ ಪರವಾಗಿ ಹೀಗೆ ಓಡಾಡುತ್ತಿದ್ದೆ.

"ಇಲ್ಲ ಅಂದ್ರೆ ಏನು? ಹರಿದು ಹೋಯ್ತಾ?"

"ಬರೆದೇ ಇರ್ಲಿಲ್ಲ. ಅದು ಓಬಣ್ಣನ ಪಾರ್ಟು, ಹೊಂಡದ ಕಾವಲುಗಾರ. ಅವನಿಗೆ ಓದಾಕೆ ಬರಾದಿಲ್ಲ. ಮೇಷ್ಟ್ರು ಎದುರಿಗೆ ಕುಂತ್ಕಂಡು ಬಾಯಿಪಾಠ ಮಾಡಿಸಿದ್ರು. ಎರಡು ತಿಂಗಳು ಹಿಡೀತು. ನಮಗೆಲ್ಲ ಈಗ ಅರ್ಧ ಮರ್ತೈತೆ. ಅವನಿಗೆ ಒಂದು ಮಾತೂ ಮರ್ತಿಲ್ಲ."

ನಮ್ಮ ಕಡೆ ನಾಟಕದ ಮೇಷ್ಟ್ರುಗಳ ಪದ್ಧತಿ ಒಂದಿದೆ. ಪೂರ್ತಿ ನಾಟಕವನ್ನು ಯಾರಿಗೂ ಕೊಡೋದಿಲ್ಲ. ದೊರೆಗೆ ದೊರೆಯ ಮಾತು, ರಾಣಿಗೆ ರಾಣಿಯ ಮಾತು. ಅದರ ಜೊತೆಗೆ, ತನಗಿಂತ ಮುಂಚೆ ಮಾತಾಡುವವನ ಕೊನೆಯ ಮೂರು ನಾಕು ಪದ. ಅದು ಕಿವಿಗೆ ಬಿದ್ದ ಕೂಡಲೇ ಇವನು ಶುರು ಮಾಡಬೇಕು. ಪೂರ್ತಿ ಪುಸ್ತಕ ಮೇಷ್ಟ್ರ ಟ್ರಂಕಿನಲ್ಲೇ. ಅದು ಊರಿನವರ ಕೈಗೆ ಹೋದರೆ ಮುಂದಿನ ವರ್ಷ ಇವರನ್ನು ಕರೆಯೋ ಕೆಲಸವೇ ಇಲ್ಲ.

"ಉಳಿದ ಐದು ಪುಸ್ತಕ ಈಗ ಎಲ್ಲಿ ಅವೆ?"

"ಈರಬಸಪ್ಪನೋರು ಶ್ರಾವಣದಾಗೆ ಬಂದಿದ್ರು. ನಾಟಕ ಅಚ್ಚು ಹಾಕಿಸ್ತೀನಿ, ಎಲ್ಲಾರ ಹೆಸರೂ ಹಾಕ್ತೀನಿ ಅಂದ್ರು. ಕೊಟ್ವಿ."

"ಐದೂ ಜನ ಕೊಟ್ರಾ?"

"ಹೂಂ. ನನ್ನ ಪಾರ್ಟು ನಾನು ಕೊಟ್ಟೆ. ರಾಣಿ ಪಾರ್ಟು ಅಜ್ಜಪ್ಪ ಕೊಟ್ಟ. ನಾಟಕ ಯಾರೂ ಕೊಟ್ಟಿಲ್ಲಪ್ಪ."

ತಮಾಷೆಗೆ ಹೇಳಿದ ಮಾತಲ್ಲ ಅದು. ಅವನ ಲೆಕ್ಕದಲ್ಲಿ ಅದು ಸರಿಯಾಗೇ ಇತ್ತು. ಐದು ಜನ ತಮ್ಮ ತಮ್ಮದನ್ನು ಕೊಟ್ಟಿದ್ದರು, ಸಾಬರದನ್ನು ಯಾರೂ ಕೊಟ್ಟಿರಲಿಲ್ಲ.

"ಸೋಮವಾರ ಕೋರ್ಟಿಗೆ ಬಂದು ಇಷ್ಟೇ ಹೇಳು, ಸಾಕು."

ಅವನು ಪುಸ್ತಕ ಎತ್ತಿಕೊಂಡು ಮೂರನೇ ಪುಟ ತೆಗೆದು ನನ್ನ ಮುಂದೆ ಹಿಡಿದ. 'ದೊರೆಯ ಪಾತ್ರದಲ್ಲಿ: ಶ್ರೀ ಕೆಂಚಣ್ಣ, ಬಿ.ದುರ್ಗ.' ಬೆರಳಿಟ್ಟಿಟ್ಟು ಆ ಜಾಗ ಮಾಸಿತ್ತು.

"ನಮ್ಮ ವಂಶದಾಗೆ ಲಗ್ನಪತ್ರಿಕೆ ಬಿಟ್ರೆ ಬೇರೆ ಯಾತರಾಗೂ ಹೆಸರು ಅಚ್ಚಾಗಿಲ್ಲ ದಫೇದಾರ್ರೆ. ಕೋರ್ಟಿನೋರು ಪುಸ್ತಕ ತಪ್ಪು ಅಂದ್ರೆ ಇದನ್ನ ಸುಡ್ತಾರಾ?"

"ಸುಡಲ್ಲ. ಮಾರಬೇಡ ಅಂತಾರೆ."

"ಮತ್ತೆ ಸರ್ಕಾರದೋರೇ ಪೇಟೆಂಟು ಕೊಟ್ಟವ್ರೆ ಅಂತಿದ್ರು. ನಂಬರೂ ಐತೆ ನೋಡ್ರಿ."

"ಸಾಬರ ಹೆಸರು ಎಲ್ಲೈತೆ ಇದರಲ್ಲಿ?"

ಅವನು ಹಾಳೆ ತಿರುವಿದ. ಹುಡುಕಬೇಕಾಯಿತು. ಕೊನೆಯ ಪುಟದಲ್ಲಿ, ಗ್ಯಾಸ್‌ಲೈಟಿನವನ ಹೆಸರಿಗಿಂತ ಒಂದು ಸಾಲು ಮೇಲೆ, 'ಹಾರ್ಮೋನಿಯಂ: ದಿ. ಉಸ್ಮಾನ್ ಸಾಬ್.'

ಕೆಂಚಣ್ಣ ಪುಸ್ತಕ ಮುಚ್ಚಿದ. "ನೋಡಾಣ ಬಿಡ್ರಿ," ಅಂದ. ಬರುತ್ತೇನೆ ಅಂತಲೂ ಅನ್ನಲಿಲ್ಲ, ಬರೋದಿಲ್ಲ ಅಂತಲೂ ಅನ್ನಲಿಲ್ಲ.

*

ಓಬಣ್ಣ ಕೆರೆ ಅಂಗಳದಲ್ಲಿದ್ದ. ನೀರು ಇಂಗಿದ ಕಡೆ ಗರಿಕೆ ಚಿಗುರಿ ಕುರಿಗಳು ತಲೆ ಬಗ್ಗಿಸಿ ಮೇಯುತ್ತಿದ್ದವು. ಐವತ್ತು ವರ್ಷದ ಆಳು, ಉದ್ದನೆಯವನು, ಆ ಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ.

ನಾನು ಓದಿದ್ದು ಮೂರನೇ ಕ್ಲಾಸು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುವವನು. ಹಾಗಾಗಿ ಆ ಪುಸ್ತಕ ಮುಗಿಸೋದಕ್ಕೆ ನಾಕು ದಿನ ಹಿಡಿದಿತ್ತು. ಬೇಗ ಓದುವವರು ದಾಟಿ ಹೋಗುವ ಒಂದು ವಿಷಯ ನನ್ನ ಬೆರಳಿಗೆ ಸಿಕ್ಕಿತ್ತು. ದೊರೆ ಅರ್ಧ ಪುಟ ಮಾತಾಡುತ್ತಾನೆ. ರಾಣಿ ಅರ್ಧ ಪುಟ. ಬೇಹಿನವನು ಕೂಡ ಎಂಟು ಹತ್ತು ಸಾಲು. ಹೊಂಡದ ಕಾವಲುಗಾರ ಮಾತ್ರ ಹದಿನೇಳು ಸಲ ಬಾಯಿ ಬಿಟ್ಟರೂ ಪ್ರತಿ ಸಲ ಮೂರೋ ನಾಕೋ ಪದ. ನಾಟಕದ ಹೆಸರೇ ಅವನದು, ಅವನಿಗೇ ಮಾತಿಲ್ಲ.

"ಓಬಣ್ಣ, ನಿನ್ನ ಪಾರ್ಟು ಅಚ್ಚಾಗಿದೆ. ಓದ್ತೀನಿ ಕೇಳ್ತೀಯಾ?"

"ಕೆಂಚ ಹೇಳಿದ್ದ. ಓದ್ರಿ, ಕೇಳಾಣ." ಅವನು ಕಂಬಳಿ ಹಾಸಿ ನನಗೆ ಜಾಗ ಮಾಡಿದ. ತಾನು ಕೋಲೂರಿ ನಿಂತ.

ನಾನು ಎರಡನೇ ಅಂಕ ತೆಗೆದು ಓದಿದೆ. ದೊರೆ ಕೇಳುತ್ತಾನೆ: "ಎಲೈ ಕಾವಲುಗಾರನೇ, ತೂಬಿನ ಬೀಗ ತೆರೆದಿದೆ, ಹೊಂಡದ ನೀರು ಹರಿದು ಹೋಗಿದೆ. ಕೀಲಿ ಎಲ್ಲಿ?" ಅದಕ್ಕೆ ಕಾವಲುಗಾರ: "ನನ್ನ ಹತ್ತಿರ ಇಲ್ಲ ದೊರೆಯೇ."

ಓದಿ ನಿಲ್ಲಿಸಿದೆ.

"ಮುಂದಕ್ಕೆ ಓದ್ರಿ."

"ಮುಂದೆ ದೊರೆ ಮಾತು."

"ಅದು ಬಿಡ್ರಿ. ನಂದು ಓದ್ರಿ."

"ನಿಂದು ಇಷ್ಟೇ ಐತೆ."

ಅವನು ನನ್ನ ಮುಖ ನೋಡಿದ. ಆಮೇಲೆ ಪುಸ್ತಕ ನೋಡಿದ, ನೋಡಿದರೆ ತನಗೇ ತಿಳಿಯುತ್ತೇನೋ ಅನ್ನುವ ಹಾಗೆ. "ಇಷ್ಟಕ್ಕೆ ಮೇಷ್ಟ್ರು ಎರಡು ತಿಂಗಳು ನನ್ನ ತಲೆ ತಿಂದ್ರಾ?" ಅಂದ.

"ಅವರು ಹೇಳಿಕೊಟ್ಟದ್ದು ಹೇಳು ಮತ್ತೆ."

ಕೋಲು ಎಡಗೈಗೆ ಹೋಯಿತು. ಬೆನ್ನು ನೆಟ್ಟಗಾಯಿತು. ಇಷ್ಟು ಹೊತ್ತು ಕುರಿ ಅಟ್ಟುತ್ತಿದ್ದ ಗಂಟಲಿನಿಂದ ಬೇರೆಯೇ ಒಂದು ದನಿ ಬಂತು.

"ದೊರೆಯೇ, ಹನ್ನೆರಡು ವರುಷ ಈ ನೀರು ಕಾದೆ. ಬೇಸಿಗೆಯಲ್ಲಿ ತಳ ಕಂಡಾಗ ನನ್ನ ಮನೆಯ ಕೊಡ ಬರಿದು ಮಾಡಿ ನಿನ್ನ ಆನೆಗೆ ಕುಡಿಸಿದೆ. ನಿನ್ನೆ ಹೊತ್ತು ಮುಳುಗುವಾಗ ಒಬ್ಬ ಬಾಣಂತಿ ಬಂದು ಒಂದು ಚೆಂಬು ನೀರು ಬೇಡಿದಳು. ಬಗ್ಗಿ ಮೊಗೆದು ಕೊಟ್ಟೆ. ಬಗ್ಗಿದಾಗ ಸೊಂಟದ ಕೀಲಿ ಜಾರಿತೋ, ಅವಳ ಕೈಗೆ ಹೋಯಿತೋ, ಅದನ್ನು ಕಂಡದ್ದು ಈ ಹೊಂಡ ಒಂದೇ. ಬಾಯಾರಿದವಳಿಗೆ ನೀರು ಕೊಟ್ಟದ್ದು ತಪ್ಪಾದರೆ ತಲೆ ಇದೆ, ತೆಗೆದುಕೋ. ಕೀಲಿ ಮಾತ್ರ ನನ್ನ ಹತ್ತಿರ ಇಲ್ಲ ದೊರೆಯೇ."

ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯಲು ಶುರು ಮಾಡಿದವು.

ಕೊನೆಯ ಪದಗಳ ಮೇಲೆ ನನ್ನ ಬೆರಳು ಇನ್ನೂ ಇತ್ತು. ನನ್ನ ಹತ್ತಿರ ಇಲ್ಲ ದೊರೆಯೇ. ಅಚ್ಚಿನಲ್ಲಿದ್ದದ್ದು ಕಾವಲುಗಾರನ ಮಾತಲ್ಲ, ಅವನ ಮಾತಿನ ಬಾಲ. ಕೆಂಚಣ್ಣ ತನ್ನ ಪಾರ್ಟು ಪುಸ್ತಕದಲ್ಲಿ ಸುಳಿವಿಗೆ ಅಂತ ಬರೆದುಕೊಂಡಿದ್ದ ನಾಕು ಪದ.

ಉಳಿದ ಹದಿನಾರು ಕಡೆಯೂ ಒಂದೊಂದಾಗಿ ಹೇಳಿಸಿದೆ. ಪ್ರತಿ ಸಲ ಅವನ ಮಾತು ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಂದ ಹಿಂದಕ್ಕೆ ಮೂರು ನಾಕು ಪದ ಮಾತ್ರ ಪುಸ್ತಕದಲ್ಲಿತ್ತು. ಒಂದು ಕಡೆಯೂ ತಪ್ಪಲಿಲ್ಲ.

ಐದು ಪಾರ್ಟು ಪುಸ್ತಕ ಹರಡಿಕೊಂಡು ಹೊಲಿದ ನಾಟಕ ಅದು. ಆರನೆಯದು ಕಾಗದದ ಮೇಲೆ ಎಂದೂ ಇರಲಿಲ್ಲ ಅನ್ನೋದು ಹೊಲಿದವನಿಗೆ ತಿಳಿದಿರಲಿಲ್ಲ. ಹಾಗಾದರೆ ಇನ್ನೊಂದು ಮಾತೂ ಆಯಿತು. ಸಾಬರ ಟ್ರಂಕಿನ ಪುಸ್ತಕ ಈರಬಸಪ್ಪನ ಕೈಗೆ ಸೇರಿಲ್ಲ. ಸೇರಿದ್ದರೆ ಕಾವಲುಗಾರನಿಗೆ ಈ ಗತಿ ಬರುತ್ತಿರಲಿಲ್ಲ. ಅದು ಎಲ್ಲಿ ಹೋಯಿತು ಅನ್ನುವ ಪ್ರಶ್ನೆಯನ್ನು ನಾನು ಪಕ್ಕಕ್ಕಿಟ್ಟೆ.

"ಸೋಮವಾರ ಜಡ್ಜ್ ಎದುರಿಗೆ ಇದನ್ನ ಹೇಳ್ತೀಯಾ ಓಬಣ್ಣ?"

"ವೇಷ ಹಾಕ್ಕಂಡಾ, ಹಂಗೇನಾ?"

"ಹಂಗೇ."

"ಆಗ್ಲಿ. ಕುರಿ ಕಾಯಾಕೆ ಯಾರನ್ನಾರ ನೋಡ್ತೀನಿ." ಆಮೇಲೆ ಕೇಳಿದ, "ಜಡ್ಜ್ ಸಾಹೇಬ್ರು ಪೂರ್ತಿ ಕೇಳ್ತಾರಾ, ಇಲ್ಲಾ ಅವರೂ ಬಾಲ ಕೇಳಿ ಎದ್ದು ಹೋಗ್ತಾರಾ?"

*

ಮಧ್ಯಾಹ್ನ ಮೂರಕ್ಕೆ ಚಿತ್ರದುರ್ಗ ಸೇರಿದೆ. ವಕೀಲರ ಆಫೀಸು ಕೋರ್ಟಿನ ಹಿಂದಿನ ಬೀದಿ. ಹಾಲಸ್ವಾಮಿಯವರು ಕನ್ನಡಕ ಹಣೆಗೇರಿಸಿಕೊಂಡು ಎಲ್ಲ ಕೇಳಿದರು. ಎರಡು ಸಲ ಕೇಳಿದರು.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೊಂಡಿದ್ದ ಸೀಗೇಪುಡಿ ಪೊಟ್ಟಣವನ್ನು ಅವರ ಮೇಜಿನ ಮೇಲಿಟ್ಟೆ.

"ಇದೇನು ದೊಡ್ಡತಿಮ್ಮಣ್ಣ, ನನ್ನ ತಲೆ ಅಷ್ಟು ಜಿಡ್ಡಾಗಿ ಕಾಣ್ತದಾ?"

"ನಂಬರು ನೋಡ್ರಿ."

ಪೊಟ್ಟಣದ ಮೇಲೂ ನವಿಲು. ಪುಸ್ತಕದ ಮೇಲಿದ್ದದ್ದೂ ಅದೇ ನವಿಲು, ಅದೇ ರಿಜಿಸ್ಟರ್ಡ್ ನಂಬರು. ಈರಬಸಪ್ಪನಿಗೆ ಹೊಸದುರ್ಗದಲ್ಲಿ ಪ್ರೆಸ್ಸೂ ಇತ್ತು, ನವಿಲು ಮಾರ್ಕ್ ಸೀಗೇಪುಡಿಯ ವ್ಯಾಪಾರವೂ ಇತ್ತು.

ವಕೀಲರು ಎರಡನ್ನೂ ಪಕ್ಕ ಪಕ್ಕ ಇಟ್ಟು ಮೀಸೆಯಲ್ಲೇ ನಕ್ಕರು. "ಇದು ಟ್ರೇಡ್ ಮಾರ್ಕು. ಈ ಸರಕು ಯಾವ ಅಂಗಡಿಯದು ಅಂತ ಗಿರಾಕಿಗೆ ಗೊತ್ತಾಗೋಕೆ ಇಡೋ ಗುರುತು. ಬೇರೆಯವನು ನವಿಲಿನ ಚಿತ್ರ ಹಾಕಿ ಸೀಗೇಪುಡಿ ಮಾರಂಗಿಲ್ಲ, ಅಷ್ಟೆ. ನಾಟಕ ಬರೆದೋರು ಯಾರು ಅನ್ನೋದು ನವಿಲಿಗೇನು ಗೊತ್ತು?"

"ಊರಲ್ಲಿ ಪೇಟೆಂಟು ಅಂತಿದ್ರು."

"ಪೇಟೆಂಟು ಬೇರೆ. ಯಾರಾದ್ರೂ ಹೊಸ ಯಂತ್ರ ಕಂಡುಹಿಡಿದ್ರೆ, ಹೊಸ ವಿಧಾನ ಕಂಡುಹಿಡಿದ್ರೆ, ಅದಕ್ಕೆ. ಅರ್ಜಿ ಹಾಕಿ ಪಡೀಬೇಕು. ನಮ್ಮದು ಕಾಪಿರೈಟು, ಕೃತಿಸ್ವಾಮ್ಯ ಅಂತಾರೆ. ಬರೆದದ್ದರ ಮೇಲೆ ಬರೆದವನ ಹಕ್ಕು."

"ಅದಕ್ಕೆ ನಂಬರು ಬೇಡ್ವಾ?"

"ಬೇಡ. ಪದ ಕಾಗದದ ಮೇಲೆ ಬಿದ್ದ ಗಳಿಗೇಲಿ ಹಕ್ಕು ಹುಟ್ತದೆ. ದಿಲ್ಲಿಯಲ್ಲಿ ನೋಂದಣಿ ಮಾಡಿಸಿದ್ರೆ ಸಾಕ್ಷಿಗೆ ಅನುಕೂಲ. ಮಾಡಿಸದೇ ಇದ್ರೂ ಹಕ್ಕು ಎಲ್ಲೂ ಹೋಗಲ್ಲ."

"ಕೋಟೆ ಕತೆ ನಮ್ಮಜ್ಜಿನೂ ಹೇಳ್ತಿದ್ಲು, ಅದು ಸಾಬರದು ಹೆಂಗಾಗುತ್ತೆ ಅಂತ ಈರಬಸಪ್ಪ ಹೇಳಿದಾನಂತೆ."

"ಸರಿಯಾಗೇ ಹೇಳಿದಾನೆ. ಕತೆ ಯಾರದೂ ಅಲ್ಲ. ನಾಳೆ ನೀನೂ ಅದೇ ಕತೆ ಬರಿ, ಯಾರೂ ಕೇಳಂಗಿಲ್ಲ. ಆದ್ರೆ ಸಾಬರು ಅದನ್ನ ಯಾವ ಮಾತಲ್ಲಿ ಹೇಳಿದ್ರೋ ಆ ಮಾತು ಸಾಬರದು. ಬಾಣಂತಿ, ಚೆಂಬು, ಹೊಂಡ ಒಂದೇ ಕಂಡದ್ದು, ಅದು ಅಜ್ಜಿ ಹೇಳಿದ್ದಲ್ಲ."

"ಅವರು ಸತ್ತ ಮೇಲೆ?"

"ಸತ್ತ ಮೇಲೆ ಐವತ್ತು ವರ್ಷ ವಾರಸುದಾರರಿಗೆ. ಅಂದ್ರೆ ನೂರುನ್ನೀಸಾಗೆ. ಹೊಲ ಮನೆ ಹೆಂಗೋ ಹಂಗೆ." ಅವರು ಕನ್ನಡಕ ಇಳಿಸಿದರು. "ಮಾರಬಹುದು, ಬಿಟ್ಟುಕೊಡಬಹುದು. ಬಾಯಿಮಾತಲ್ಲಿ ನಡಿಯಲ್ಲ, ಬರವಣಿಗೆಯಲ್ಲಿರಬೇಕು, ಹಕ್ಕಿರೋರ ಸೈನ್ ಇರಬೇಕು. ಹಂಗೆ ಬಿಟ್ಟುಕೊಟ್ರೆ ಮಾತ್ರ ಕೋರ್ಟಿಗೆ ಬಂದು ಕೇಳೋ ಅಧಿಕಾರನೂ ಬರೆಸಿಕೊಂಡೋರ ಹಿಂದೆ ಹೋಗ್ತದೆ."

"ಅಂಥದ್ದೇನೂ ಇಲ್ವಲ್ಲ?"

"ಇಲ್ಲ ಅಂತ ಆಕೆ ನನ್ನೆದುರಿಗೆ ಹೇಳಿದಾಳೆ."

ಹೋಗಿ ಈರಬಸಪ್ಪನನ್ನು ಒಂದು ಮಾತು ಕೇಳಿ ಬರಲಾ ಅಂದೆ. ಯಾಕೆ, ಸೋಮವಾರದವರೆಗೆ ತಾಳೋಕಾಗಲ್ವಾ ಅಂದರು. ಕೋರ್ಟಿನಲ್ಲಿ ಏನು ಹೇಳಬಹುದು ಅಂತ ಮೊದಲೇ ತಿಳಿದರೆ ಒಳ್ಳೇದು ಅಂದೆ. ಅವರು ಯೋಚನೆ ಮಾಡಿ ಹೂಂ ಅಂದರು.

*

ಶನಿವಾರ ಹೊಸದುರ್ಗ. ಪ್ರೆಸ್ಸಿನ ಮುಂದೆ ಸಂತೆಗೆ ಬಂದ ತೆಂಗಿನಕಾಯಿ ಗಾಡಿಗಳು ನಿಂತಿದ್ದವು. ಒಳಗೆ ಟ್ರೆಡಲ್ ಮೆಷೀನು ಒಂದೇ ತಾಳದಲ್ಲಿ ಬಡಿದುಕೊಳ್ಳುತ್ತಿತ್ತು. ಗೋಡೆ ಪಕ್ಕ ಅಚ್ಚಿನ ಮೊಳೆ ಜೋಡಿಸುತ್ತ ಇಬ್ಬರು. ಇನ್ನೊಂದು ಗೋಡೆಗೆ 'ಹೊಂಡದ ಕಾವಲು' ಎದೆಮಟ್ಟ ಪೇರಿಸಿತ್ತು.

"ಬರ್ರಿ ದಫೇದಾರ್ರೆ, ಕುಂತ್ಕಳ್ರಿ. ಎಳನೀರು ತರಿಸ್ಲಾ?"

ಈರಬಸಪ್ಪನ ಮಾತು ಮೆತ್ತಗೆ. ಬೆಳ್ಳಗಿನ ಜುಬ್ಬ, ಬೆರಳ ತುದಿಯಲ್ಲಿ ಮಾತ್ರ ಮಸಿ. ಕೆಟ್ಟ ಮನುಷ್ಯ ಅಂತ ನೋಡಿದವರಿಗೆ ಅನ್ನಿಸೋದಿಲ್ಲ. ನನಗೂ ಅನ್ನಿಸಲಿಲ್ಲ.

"ಎಳನೀರು ಬೇಡ. ನಿಮ್ಮ ನಾಟಕ ಓದಿದೆ. ಒಂದು ಕಡೆ ತಿಳೀಲಿಲ್ಲ, ಕೇಳೋಣ ಅಂತ ಬಂದೆ."

"ಕೇಳ್ರಿ, ಕೇಳ್ರಿ. ಓದೋರು ಸಿಗಾದೇ ಅಪರೂಪ."

"ಬರೆದಿದ್ದು ಯಾವಾಗ?"

"ಅರವತ್ತೆಂಟರಾಗೆ. ಸಾಬರು ಹಾಡಿಗೆ ಮಟ್ಟು ಹಾಕಿದ್ರು. ಅದಕ್ಕೇ ಅವರ ಹೆಸರೂ ಹಾಕೀನಿ."

"ಕಾವಲುಗಾರನಿಗೆ ಮಾತು ಕಮ್ಮಿ ಆಯ್ತಲ್ಲ?"

"ಅವನು ಕಮ್ಮಿ ಮಾತಿನೋನು. ಅದೇ ಆ ಪಾತ್ರದ ಗುಣ." ಉತ್ತರ ಸಿದ್ಧವಾಗಿತ್ತು. ಬೇರೆ ಯಾರೋ ಮೊದಲೇ ಕೇಳಿರಬೇಕು.

"ಒಳ್ಳೇದು. ನಲವತ್ತೊಂದನೇ ಪುಟ ತೆಗೀರಿ."

ಅವನು ಪೇರಿಸಿದ್ದರಲ್ಲಿ ಮೇಲಿನದೊಂದು ತೆಗೆದುಕೊಂಡ.

"ಅಲ್ಲಿ ಕಾವಲುಗಾರ ಏನಂತಾನೆ?"

"'ಈ ನೀರೇ ಸಾಕ್ಷಿ' ಅಂತಾನೆ."

"ಮೂರು ಪದ. ಅದರ ಕೆಳಗೆ ರಾಣಿ ಏನಂತಾಳೆ, ಓದ್ರಿ."

ಅವನು ಕಣ್ಣಲ್ಲೇ ಓದಿದ.

ನಾನೇ ಹೇಳಿದೆ. ಆ ಸಾಲು ನನಗೆ ಬಾಯಿಗೆ ಬಂದಿತ್ತು. "'ಎಷ್ಟೊಂದು ಮಾತಾಡಿದೆಯಲ್ಲ ಕಾವಲುಗಾರ, ನಿನ್ನ ಬಾಯಿ ಒಣಗಲಿಲ್ಲವೇ?' ಮೂರು ಪದ ಆಡಿದವನಿಗೆ ರಾಣಿ ಹಿಂಗೆ ಯಾಕೆ ಕೇಳ್ತಾಳೆ ಈರಬಸಪ್ಪನೋರೆ?"

ಮೊಳೆ ಜೋಡಿಸುತ್ತಿದ್ದವರಲ್ಲಿ ಒಬ್ಬನ ಕೈ ನಿಂತಿತು. ಅವನು ಬೇಗ ಮತ್ತೆ ಕೆಲಸಕ್ಕೆ ಬಗ್ಗಿದ.

"ಕತೆ ಎಲ್ಲಾರದು ದಫೇದಾರ್ರೆ."

"ಕತೆ ನಾನು ಕೇಳಲಿಲ್ಲ. ರಾಣಿಗಿಂತ ಮುಂಚೆ ಕಾವಲುಗಾರ ಏನು ಹೇಳ್ತಾನೆ ಅಂತ ಕೇಳಿದೆ. ಬರೆದವರಿಗೆ ಗೊತ್ತಿರಬೇಕು. ಓಬಣ್ಣನಿಗೆ ಗೊತ್ತು, ಓದಾಕೇ ಬರದಿದ್ದೋನಿಗೆ. ನಿಮಗೆ ಗೊತ್ತಾಗಲಿಲ್ಲ, ಯಾಕಂದ್ರೆ ನಿಮಗೆ ಸಿಕ್ಕಿದ್ದು ಐದು ಪಾರ್ಟು ಪುಸ್ತಕ. ಆರನೇದು ಯಾರೂ ಬರೆದುಕೊಂಡಿರಲಿಲ್ಲ."

ಈರಬಸಪ್ಪ ಪುಸ್ತಕವನ್ನು ಪೇರಿಕೆಯ ಮೇಲೆ ಇಟ್ಟು ಅಂಚು ಸರಿ ಮಾಡಿದ. ಆಮೇಲೆ ಕೆಲಸದವರ ಕಡೆ ತಿರುಗಿ, "ಟೀ ಕುಡ್ಕಂಡು ಬರ್ರಪ್ಪ," ಅಂದ. ಮೆಷೀನು ನಿಂತಿತು. ಅದು ನಿಂತ ಮೇಲೆ ಸಂತೆಯ ಗದ್ದಲ ಒಳಗೆ ಬಂತು.

"ನೀವು ಹೇಳಿದ್ದು ನಿಜವೇ ಅಂತ ಇಟ್ಕಳ್ಳಾಣ," ಅಂದ. ದನಿ ಮೊದಲಿನಷ್ಟೇ ಮೆತ್ತಗಿತ್ತು. "ಸಾಬರೇ ಬರೆದ್ರು. ಆಯ್ತಾ? ಬರೆದೋರು ಯಾರು ಅಂತ ಸೋಮವಾರ ಕೇಳೋರು ಯಾರು?"

"ಅವರ ಮಗಳು."

"ಅವಳಿಗೆ ಕೇಳಾಕೆ ಹಕ್ಕಿದ್ರೆ."

ಬೀರುವಿನ ಬೀಗ ತೆಗೆದು ಒಂದು ಛಾಪಾ ಕಾಗದ ತಂದ. ಮೇಜಿನ ಮೇಲೆ ಹರಡಿ, ಮೇಲಿನ ಮೂಲೆಯನ್ನು ತನ್ನ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡ.

ನಾನು ಬೆರಳಿಟ್ಟು ಓದಿದೆ. ದಿವಂಗತ ಉಸ್ಮಾನ್ ಸಾಬರ ಏಕಮಾತ್ರ ವಾರಸುದಾರಳಾದ ನಾನು, ನನ್ನ ತಂದೆಯವರು ರಚಿಸಿದ 'ಹೊಂಡದ ಕಾವಲು' ನಾಟಕದ ಅಚ್ಚು ಹಾಕಿಸುವ, ಮಾರುವ, ಆಡಿಸುವ ಸಕಲ ಹಕ್ಕುಗಳನ್ನು ಹೊಸದುರ್ಗದ ಈರಬಸಪ್ಪನವರಿಗೆ ಬಿಟ್ಟುಕೊಟ್ಟಿರುತ್ತೇನೆ. ತಾರೀಖು ಸಾವಿರದ ಒಂಬೈನೂರ ಎಪ್ಪತ್ತಮೂರು, ಆಗಸ್ಟ್ ಹದಿಮೂರು. ಕೆಳಗೆ ನೂರುನ್ನೀಸಾಳ ಸೈನು.

ಆ ಸೈನನ್ನು ಆಕೆ ವಕೀಲರಿಗೆ ಬರೆದುಕೊಟ್ಟ ವಕಾಲತ್ತಿನ ಮೇಲೆ ನೋಡಿದ್ದೆ. 'ನೂ' ಅಕ್ಷರದ ಬಾಲವನ್ನು ಆಕೆ ಎಡಕ್ಕೆ ಎಳೆದು ನಿಲ್ಲಿಸುತ್ತಾಳೆ. ಇಲ್ಲೂ ಹಾಗೇ ಇತ್ತು. ಸುಳ್ಳು ಸೈನು ಮೂವತ್ತು ವರ್ಷ ನೋಡಿದವನು ನಾನು. ಇದು ಸುಳ್ಳಲ್ಲ.

"ತಾವೇ ಬರೆದೋರಿಗೆ ಇನ್ನೊಬ್ಬರ ಹತ್ರ ಹಕ್ಕು ಬರೆಸಿಕೊಳ್ಳೋ ಕೆಲಸ ಏನಿತ್ತು?"

"ನಮ್ಮ ವಕೀಲ್ರು ಹೇಳಿದ್ರು, ಮನೆಗೆ ಎರಡು ಬಾಗ್ಲು ಇಟ್ಕ ಅಂತ. ಒಂದು ಮುಚ್ಚಿದ್ರೆ ಇನ್ನೊಂದರಾ ಇರ್ತೈತೆ."

"ಹಿಂದಿನ ಮಗ್ಗುಲು ನೋಡಬೇಕು."

ಛಾಪಾ ಕಾಗದ ಮಾರುವವನು ಹಿಂದುಗಡೆ ಕೊಂಡವರ ಹೆಸರು, ಕೊಂಡ ತಾರೀಖು ಬರೆಯುತ್ತಾನೆ. ಪೋಲೀಸಿನವರು ಮೊದಲು ನೋಡೋದು ಅದನ್ನೇ.

ಈರಬಸಪ್ಪನ ಅಂಗೈ ಅಲುಗಲಿಲ್ಲ. "ಹಿಂದುಗಡೆ ಸೋಮವಾರ ನೋಡೀರಂತೆ. ಜಡ್ಜ್ ಸಾಹೇಬ್ರ ಜೊತೆಗೆ." ಕಾಗದವನ್ನು ಎತ್ತಿ ಮಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ. "ನಿಮ್ಮ ಓಬಣ್ಣನ್ನ ಕರ್ಕಂಡು ಬರ್ರಿ. ಚೆನ್ನಾಗಿ ಹೇಳ್ತಾನೆ ಅವನು. ನಾನೂ ಕೇಳ್ತೀನಿ."

*

ಹೊಳಲ್ಕೆರೆಗೆ ಬಂದಾಗ ನಾಕು ಗಂಟೆ. ನೂರುನ್ನೀಸಾ ಹೊಲಿಗೆ ಮೆಷೀನಿನ ಮುಂದಿದ್ದಳು, ಮೂವತ್ತೈದರ ಹೆಂಗಸು. ಯಾರದೋ ಮದುವೆಯ ಹಸಿರು ಬಟ್ಟೆ ಸೂಜಿಯ ಕೆಳಗಿತ್ತು. ನನ್ನನ್ನು ಕಂಡು ಸೆರಗು ತಲೆಗೆಳೆದುಕೊಂಡು ಎದ್ದಳು.

"ಬರ್ರಿ ದಫೇದಾರ್ರೆ. ಬಿ.ದುರ್ಗದೋರು ಏನಂದ್ರು?"

ಓಬಣ್ಣನ ಸಂಗತಿ ಹೇಳಿದೆ. ಬಾಣಂತಿಯ ಮಾತು ಹೇಳುವಾಗ ಆಕೆಯ ತುಟಿಯೂ ಜೊತೆಗೆ ಅಲ್ಲಾಡಿತು. ಆಕೆಗೂ ಅದು ಬರುತ್ತಿತ್ತು.

"ಅಬ್ಬ ಅದನ್ನ ಬರೆದಾಗ ನನಗೆ ಓದಿ ಹೇಳಿದ್ರು," ಅಂದಳು. ಅಪ್ಪನನ್ನು ಆಕೆ ಅಬ್ಬ ಅನ್ನುತ್ತಿದ್ದಳು. "ಸೋಮವಾರ ಆ ಪುಸ್ತಕದ ಮೇಲಿಂದ ಅವನ ಹೆಸರು ಹೋಗ್ತೈತಲ್ಲ? ನನಗೆ ಅಷ್ಟು ಆದ್ರೆ ಸಾಕು. ಬೇರೆ ಏನೂ ಕೇಳಲ್ಲ."

ನಾನು ಸ್ಟೂಲಿನ ಮೇಲೆ ಕೂತೆ. ಕೇಳಲೇಬೇಕಾದ್ದನ್ನು ತಡ ಮಾಡಿ ಪ್ರಯೋಜನವಿಲ್ಲ.

"ನೂರುನ್ನೀಸಾ, ಈರಬಸಪ್ಪನ ಹತ್ರ ಒಂದು ಛಾಪಾ ಕಾಗದ ಐತೆ. ಹಕ್ಕೆಲ್ಲ ಬಿಟ್ಟುಕೊಟ್ಟೀನಿ ಅಂತ ಅದರಲ್ಲಿ ಬರೆದೈತೆ. ಕೆಳಗೆ ನಿನ್ನ ಸೈನು."

ಆಕೆ ಹಸಿರು ಬಟ್ಟೆಯ ಅಂಚನ್ನು ಮಡಿಸಿದಳು. ಬಿಡಿಸಿದಳು. ಮತ್ತೆ ಅದೇ ಗೆರೆಯ ಮೇಲೆ ಮಡಿಸಿದಳು.

"ಸುಳ್ಳು ಸೈನು ಅಂತ ಹೇಳು, ನಾಳೆನೇ ಅದರ ದಾರಿ ನೋಡ್ತೀನಿ."

"ಸೈನು ನಂದೇ."

ಹೊರಗೆ ಒಂದು ಬಸ್ಸು ಹೋಯಿತು.

"ವಕೀಲರಿಗೆ ಯಾಕೆ ಹೇಳಲಿಲ್ಲ?"

"ಆ ಕಾಗದ ಇಲ್ಲ ಅಂದ್ಕಂಡಿದ್ದೆ. ಹರಿದು ಹಾಕ್ತೀನಿ ಅಂದಿದ್ದ ಅವನು."

"ಆಗಸ್ಟ್ ಹದಿಮೂರಕ್ಕೆ ಮಾಡಿದ್ದು?"

ಆಕೆ ತಲೆ ಎತ್ತಿದಳು. "ಆಗಸ್ಟಾ? ಇಲ್ಲ. ಅದು ಬೇಸಿಗೇಲಿ, ಮಾವಿನಕಾಯಿ ಕಾಲ. ಅವತ್ತು ಅಬ್ಬ ಬದುಕಿದ್ರು. ಅಗೋ ಆ ಕೋಣೇಲಿ ಮಲಗಿದ್ರು. ನಾನು ಸೈನ್ ಹಾಕಿದಾಗ ಕಾಗದದ ಮೇಲೆ ತಾರೀಖಿನ ಜಾಗ ಖಾಲಿ ಇತ್ತು. ದಿವಂಗತ ಅನ್ನಾದೂ ಇರ್ಲಿಲ್ಲ."

ನನ್ನ ಎದೆ ಹಗುರಾಯಿತು ಅಂತಲೇ ಹೇಳಬೇಕು. ಬದುಕಿರುವ ತಂದೆಯ ಹಕ್ಕನ್ನು ಮಗಳು ಬಿಟ್ಟುಕೊಡೋಕೆ ಬರೋದಿಲ್ಲ, ಅದು ಇನ್ನೂ ಆಕೆಯದೇ ಆಗಿರಲಿಲ್ಲ. ಕಾಗದ ಸಾಬರು ಇರುವಾಗಲೇ ಕೊಂಡದ್ದು ಅಂತ ಹಿಂದಿನ ಮಗ್ಗುಲು ತೋರಿಸಿದರೆ ಈರಬಸಪ್ಪನ ಎರಡನೇ ಬಾಗಿಲೂ ಮುಚ್ಚಿತು. ಆಕೆ ಮಾಡಬೇಕಾದದ್ದು ಇಷ್ಟೇ, ಸೋಮವಾರ ಕಟಕಟೆಯಲ್ಲಿ ನಿಂತು, ತಂದೆ ಜೀವಂತ ಇರುವಾಗ ಅವರಿಗೆ ತಿಳಿಯದ ಹಾಗೆ ಸೈನ್ ಹಾಕಿದೆ ಅಂತ ಒಪ್ಪಿಕೊಳ್ಳಬೇಕು.

ಅದನ್ನು ಆಕೆಗೆ ಆದಷ್ಟು ಮೆತ್ತಗೆ ಹೇಳಿದೆ. ನಾಚಿಕೆ ಆಗುತ್ತೆ, ಆದರೆ ಅಬ್ಬನ ಹೆಸರು ಉಳಿಯುತ್ತೆ ಅಂದೆ.

ನೂರುನ್ನೀಸಾ ಬಟ್ಟೆಯನ್ನು ಮೆಷೀನಿನ ಮೇಲೆ ಇಟ್ಟಳು.

"ಅಬ್ಬನಿಗೆ ತಿಳೀದಂಗೆ ಅಂತ ನಾನು ಹೇಳ್ಳಿಲ್ಲವಲ್ಲ ದಫೇದಾರ್ರೆ," ಅಂದಳು. "ಸೈನ್ ಹಾಕು ಅಂತ ಹೇಳಿದ್ದು ಅಬ್ಬನೇ. ಪೆನ್ನು ಕೊಟ್ಟಿದ್ದೂ ಅವರೇ."